ಶೋಧಯಂತ್ರವೂ ನೀಳಬಾಲದ ಪ್ರಶ್ನೆಗಳೂ

ಮಲೆನಾಡಿನಲ್ಲಿ ಆಷಾಢದ ಮಳೆ ಬಿಡದೆ ಸುರಿಯುತ್ತಿದೆಯೆಂದು ಭಾವಿಸೋಣ. ತಂದೆಯಿಂದ ತೋಟದ ಹೊಣೆಯನ್ನು ಹೊಸದಾಗಿ ವಹಿಸಿಕೊಂಡ ಯುವಕನೊಬ್ಬನು ಬೆಳಗ್ಗೆ ತೋಟಕ್ಕೆ ಇಳಿಯುತ್ತಾನೆ. ಅಡಿಕೆ ಮರಗಳ ಬುಡದಲ್ಲಿ ಎಳೆಯ ಕಾಯಿಗಳು ಉದುರಿ ಬಿದ್ದಿವೆ. ಅವುಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತೆ ಕಾಣುವ ಕಡುಹಸುರಿನ ಕಲೆಗಳಿವೆ. ಕೊಳೆರೋಗ ತೋಟವನ್ನು ಹೊಕ್ಕಿದೆ. ಮಳೆ ಹೊಳವಾದೊಡನೆ ಬೋರ್ಡೋ ದ್ರಾವಣವನ್ನು ಸಿಂಪಡಿಸದಿದ್ದರೆ ಉಳಿದ ಗೊನೆಗಳೂ ಕೈತಪ್ಪುವ ಭಯವಿದೆ. ಆದರೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದನ್ನು ಅವನು ಅರಿಯ. ಜೇಬಿನಿಂದ ಮೊಬೈಲನ್ನು ತೆಗೆದು 'ಅಡಿಕೆ' ಎಂದು ಬರೆದು ಹುಡುಕುತ್ತಾನೆ. ಮಾರುಕಟ್ಟೆಯ ಧಾರಣೆ, ವೃತ್ತಪತ್ರಿಕೆಯ ಸುದ್ದಿ, ವಿಶ್ವಕೋಶದ ಲೇಖನ, ಇವೆಲ್ಲ ಸಾಲಾಗಿ ಬರುತ್ತವೆ. ಅವನಿಗೆ ಬೇಕಾದುದು ಮಾತ್ರ ಅಲ್ಲಿಲ್ಲ. ಮತ್ತೊಮ್ಮೆ, 'ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ' ಎಂದು ಕೇಳುತ್ತಾನೆ.

ಇತ್ತ, ಬೇರೊಂದು ಊರಿನಲ್ಲಿ, ಕೃಷಿಯನ್ನು ಬಲ್ಲ ಹಿರಿಯರೊಬ್ಬರು ಇದೇ ವಿಷಯವನ್ನು ವಿವರವಾಗಿ ಬರೆದು ತಮ್ಮ ಪುಟ್ಟ ಜಾಲತಾಣದಲ್ಲಿ ಇಟ್ಟಿದ್ದಾರೆ. ಅವರ ಹೆಸರನ್ನು ಬಲ್ಲವರು ಹತ್ತಾರು ಮಂದಿ. ಈ ಇಬ್ಬರೂ ಸಂಧಿಸುವರೇ? ಅಂತರ್ಜಾಲದ ಅಪಾರ ರಾಶಿಯಲ್ಲಿ ಬಲ್ಲವನ ಉತ್ತರ ಕೇಳುವವನ ಕೈಗೆ ಸಿಕ್ಕುವುದು ಯಾವ ನಿಯಮದಿಂದ? 'ಲಾಂಗ್ ಟೇಲ್ ಕೀವರ್ಡ್' ಎಂದು ಈಗ ಪ್ರಸಿದ್ಧವಾಗಿರುವ ವಿಷಯದ ತಿರುಳು ಇದೇ. ಅದನ್ನು ನಾವು 'ನೀಳಬಾಲದ ಶೋಧಪದ' ಎಂದು ಕರೆಯೋಣ. ವ್ಯಾಪಾರಿಗಳು ಇದನ್ನು ಒಂದು ಉಪಾಯವೆಂದು ಬಳಸುವುದುಂಟು. ಆದರೆ ಇದರ ಬೇರು ಗಣಿತದಲ್ಲಿಯೂ ಭಾಷೆಯ ಸ್ವಭಾವದಲ್ಲಿಯೂ ಇದೆ.

ಯಂತ್ರವು ಹುಡುಕುವ ಬಗೆ

ನಾವು ಪ್ರಶ್ನೆಯನ್ನು ಕೇಳಿದಾಗ ಶೋಧಯಂತ್ರವು ಆ ಕ್ಷಣದಲ್ಲಿ ಜಗತ್ತಿನ ಪುಟಗಳನ್ನೆಲ್ಲ ಓದುತ್ತದೆಂದು ಹಲವರು ತಿಳಿದಿದ್ದಾರೆ. ಹಾಗೆ ಓದುವುದಾದರೆ ಉತ್ತರಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದೀತು. ನಿಜವಾಗಿ ಓದುವ ಕೆಲಸ ಮೊದಲೇ ಮುಗಿದಿರುತ್ತದೆ. ಯಂತ್ರದ ದೂತನಂತಿರುವ ಒಂದು ಕ್ರಮವಿಧಿಯು ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಂಚರಿಸುತ್ತ, ಕಂಡ ಪುಟಗಳನ್ನು ತಂದೊಪ್ಪಿಸುತ್ತದೆ. ಬಳಿಕ ಆ ಪುಟಗಳಿಂದ ಒಂದು ಪದಸೂಚಿ ಸಿದ್ಧವಾಗುತ್ತದೆ.

ದೊಡ್ಡ ಗ್ರಂಥಗಳ ಕೊನೆಯಲ್ಲಿರುವ ಅಕಾರಾದಿ ಪದಸೂಚಿಯನ್ನು ವಿದ್ಯಾರ್ಥಿಗಳೆಲ್ಲರೂ ನೋಡಿರುತ್ತಾರೆ. ಪದದ ಮುಂದೆ ಅದು ಬರುವ ಪುಟಗಳ ಸಂಖ್ಯೆ ಇರುತ್ತದೆ. ಯುರೋಪಿನಲ್ಲಿ 13ನೆಯ ಶತಮಾನದಷ್ಟು ಹಿಂದೆಯೇ ಸನ್ಯಾಸಿಗಳು ಬೈಬಲ್ಲಿನ ಪದಗಳಿಗೆ ಇಂತಹ ಸೂಚಿಯನ್ನು ಕೈಯಿಂದ ಬರೆದಿದ್ದರು. ಶೋಧಯಂತ್ರದ ಸೂಚಿಯೂ ತತ್ತ್ವದಲ್ಲಿ ಅದೇ. 'ಅಡಿಕೆ' ಎಂಬ ಪದದ ಮುಂದೆ ಆ ಪದವಿರುವ ಪುಟಗಳ ಪಟ್ಟಿ. 'ಕೊಳೆರೋಗ' ಎಂಬುದರ ಮುಂದೆ ಇನ್ನೊಂದು ಪಟ್ಟಿ. ಎರಡು ಪದಗಳನ್ನು ಕೇಳಿದರೆ ಎರಡು ಪಟ್ಟಿಗಳನ್ನೂ ಹೋಲಿಸಿ, ಎರಡರಲ್ಲಿಯೂ ಇರುವ ಪುಟಗಳನ್ನು ಆರಿಸಬಹುದು. ಪದಗಳು ಹೆಚ್ಚಿದಂತೆಲ್ಲ ಅವುಗಳೆಲ್ಲಕ್ಕೂ ಸಾಮಾನ್ಯವಾದ ಪುಟಗಳು ಕಡಮೆಯಾಗುತ್ತ ಹೋಗುತ್ತವೆ.

ಪುಟಗಳನ್ನು ಆರಿಸಿದ್ದಾಯಿತು. ಅವುಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬವರು 1998ರಲ್ಲಿ ಇದಕ್ಕೊಂದು ಚತುರವಾದ ಉತ್ತರವನ್ನು ಪ್ರಕಟಿಸಿದರು. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿಯಿದ್ದರೆ ಅದನ್ನು ಒಂದು ಸಾಕ್ಷ್ಯವೆಂದು ಎಣಿಸಬೇಕು. ಸಾಕ್ಷಿ ಹೇಳುವ ಪುಟಕ್ಕೆ ಎಷ್ಟು ಗೌರವವಿದೆಯೋ ಆ ಸಾಕ್ಷ್ಯಕ್ಕೆ ಅಷ್ಟು ತೂಕ. ಊರಿನಲ್ಲಿ ಹತ್ತು ಜನ ಗಣ್ಯರು ಒಬ್ಬನನ್ನು ಹೊಗಳಿದರೆ ಅವನ ಮಾತಿಗೆ ಬೆಲೆ ಬರುವಂತೆಯೇ ಇದು. ಅವರು ಅದೇ ವರ್ಷ ಸ್ಥಾಪಿಸಿದ ಗೂಗಲ್ ಸಂಸ್ಥೆಯು ಈ ತತ್ತ್ವದ ಬಲದಿಂದ ಬೆಳೆಯಿತು. ಇಂದಿನ ಶೋಧಯಂತ್ರಗಳು ಇದಲ್ಲದೆ ಇನ್ನೂ ಅನೇಕ ಸಂಗತಿಗಳನ್ನು ತೂಗಿ ನೋಡುತ್ತವೆ. ಅವುಗಳ ಪೂರ್ಣ ಸೂತ್ರವನ್ನು ಸಂಸ್ಥೆಗಳು ಪ್ರಕಟಿಸಿಲ್ಲ.

ಇದರ ಫಲವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. 'ಅಡಿಕೆ' ಎಂಬ ಒಂದೇ ಪದಕ್ಕೆ ಸಾವಿರಾರು ಪುಟಗಳು ಸ್ಪರ್ಧಿಸುವಾಗ, ಸಾಕ್ಷಿಗಳ ದೊಡ್ಡ ದಂಡೇ ಇರುವ ಪತ್ರಿಕೆಗಳೂ ವಿಶ್ವಕೋಶಗಳೂ ಮುಂದಿನ ಸಾಲನ್ನು ಹಿಡಿಯುತ್ತವೆ. ನಮ್ಮ ಹಿರಿಯರ ಪುಟವು ನೂರನೆಯದೋ ಸಾವಿರದೆಯದೋ ಆಗಿ ಹಿಂದೆ ಬೀಳುತ್ತದೆ. ಅಷ್ಟು ದೂರ ಹೋಗಿ ನೋಡುವವರು ಯಾರು?

ತಲೆಯೂ ಬಾಲವೂ

ಹಾಗಾದರೆ ಸಣ್ಣವರಿಗೆ ದಾರಿಯೇ ಇಲ್ಲವೇ? ಉಂಟು. ಅದನ್ನು ಕಾಣಬೇಕಾದರೆ ಜನರು ಕೇಳುವ ಪ್ರಶ್ನೆಗಳ ಹಂಚಿಕೆಯನ್ನು ಗಮನಿಸಬೇಕು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಭಾಷಾವಿಜ್ಞಾನಿ ಜಾರ್ಜ್ ಕಿಂಗ್ಸ್‌ಲೀ ಜಿಫ್ ಎಂಬವರು 1949ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಒಂದು ವಿಚಿತ್ರ ನಿಯಮವನ್ನು ವಿವರಿಸಿದ್ದಾರೆ. ಯಾವುದಾದರೂ ದೊಡ್ಡ ಬರಹದಲ್ಲಿ ಪದಗಳು ಎಷ್ಟೆಷ್ಟು ಸಲ ಬಂದಿವೆಯೆಂದು ಎಣಿಸಿ ಕ್ರಮವಾಗಿ ಜೋಡಿಸಿದರೆ, ಎರಡನೆಯ ಪದವು ಮೊದಲನೆಯದರ ಸುಮಾರು ಅರ್ಧದಷ್ಟು ಸಲ, ಮೂರನೆಯದು ಮೂರರಲ್ಲೊಂದರಷ್ಟು ಸಲ, ನೂರನೆಯದು ನೂರರಲ್ಲೊಂದರಷ್ಟು ಸಲ ಬರುತ್ತದೆ. ಶೋಧಯಂತ್ರವನ್ನು ಜನರು ಕೇಳುವ ಪ್ರಶ್ನೆಗಳೂ ಸ್ಥೂಲವಾಗಿ ಇಂತಹ ಹಂಚಿಕೆಯನ್ನೇ ಅನುಸರಿಸುತ್ತವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಟ್ಟು 10 ಲಕ್ಷ ಬಗೆಯ ಪ್ರಶ್ನೆಗಳಿವೆಯೆಂದೂ ಅವು ಜಿಫ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುವೆಂದೂ ಇಟ್ಟುಕೊಳ್ಳಿ. ಮೊದಲನೆಯ ಪ್ರಶ್ನೆಯನ್ನು ಜನರು 10 ಲಕ್ಷ ಸಲ ಕೇಳಿದರೆ, ಎರಡನೆಯದನ್ನು 5 ಲಕ್ಷ ಸಲ, ಸಾವಿರನೆಯದನ್ನು 1,000 ಸಲ, ಕಟ್ಟಕಡೆಯದನ್ನು ಒಂದೇ ಒಂದು ಸಲ ಕೇಳಿರುತ್ತಾರೆ. ಎಲ್ಲವನ್ನೂ ಕೂಡಿದರೆ ಸುಮಾರು 1 ಕೋಟಿ 44 ಲಕ್ಷವಾಗುತ್ತದೆ. ಇದರಲ್ಲಿ ಮೊದಲ ಸಾವಿರ ಪ್ರಶ್ನೆಗಳ ಪಾಲು ಸುಮಾರು 75 ಲಕ್ಷ. ಉಳಿದ 9,99,000 ಪ್ರಶ್ನೆಗಳು ಒಂದೊಂದೂ ಅಲ್ಪವಾದರೂ ಒಟ್ಟು ಸೇರಿದಾಗ 69 ಲಕ್ಷವಾಗುತ್ತವೆ. ಅಂದರೆ ಹೆಚ್ಚುಕಡಮೆ ಅರ್ಧ. ಪ್ರಶ್ನೆಗಳ ಬಗೆಗಳನ್ನು 100 ಕೋಟಿಗೆ ಏರಿಸಿದರೆ ಮೊದಲ ಸಾವಿರದ ಪಾಲು ನೂರಕ್ಕೆ 35ಕ್ಕೆ ಇಳಿದು, ಉಳಿದವುಗಳ ಪಾಲು 65ಕ್ಕೆ ಏರುತ್ತದೆ. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಗಣಿತವೂ ಸಾಕ್ಷಿ ನುಡಿಯುತ್ತದೆ.

ಈ ಲೆಕ್ಕವನ್ನು ನಕ್ಷೆಯಾಗಿ ಬರೆದರೆ ಎಡಗಡೆಯಲ್ಲಿ ಎತ್ತರವಾದ ಒಂದು ತಲೆಯೂ, ಬಲಗಡೆಗೆ ನೆಲವನ್ನು ಸವರುತ್ತ ಬಹುದೂರ ಸಾಗುವ ಬಾಲವೂ ಕಾಣುತ್ತವೆ. ಅಮೆರಿಕದ ಪತ್ರಿಕಾ ಸಂಪಾದಕ ಕ್ರಿಸ್ ಆಂಡರ್ಸನ್ ಎಂಬವರು 2004ರಲ್ಲಿ ಬರೆದ ಲೇಖನದಿಂದ 'ನೀಳಬಾಲ' ಎಂಬ ಮಾತು ಪ್ರಚಾರಕ್ಕೆ ಬಂದಿತು. ಅವರು ಹೇಳಿದ್ದು ಪುಸ್ತಕ, ಸಂಗೀತ ಮುಂತಾದ ಸರಕುಗಳನ್ನು ಕುರಿತು. ಬೀದಿಯ ಅಂಗಡಿಗೆ ಗೋಡೆಗಳುಂಟು. ಹೆಚ್ಚು ಮಾರಾಟವಾಗುವ ಸರಕಿಗಷ್ಟೇ ಅಲ್ಲಿ ಜಾಗ. ಅಂತರ್ಜಾಲದ ಅಂಗಡಿಗೆ ಆ ಕಟ್ಟಿಲ್ಲದುದರಿಂದ ಅಪರೂಪದ ಸರಕುಗಳಿಗೂ ಗಿರಾಕಿ ದೊರೆಯುತ್ತಾನೆ ಎಂಬುದು ಅವರ ವಾದ. ಶೋಧದ ವಿಷಯದಲ್ಲಿ ಬಾಲವು ಎಷ್ಟು ನೀಳವೆಂಬುದಕ್ಕೆ ಗೂಗಲ್ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತ ಬಂದಿರುವ ಒಂದು ಅಂಕಿಯೇ ಸಾಕು: ಅದರ ಬಳಿಗೆ ದಿನದಿನವೂ ಬರುವ ಪ್ರಶ್ನೆಗಳಲ್ಲಿ ನೂರಕ್ಕೆ ಸುಮಾರು 15 ಹಿಂದೆಂದೂ ಯಾರೂ ಕೇಳದಂಥವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀಳವಾದದ್ದು ಹಂಚಿಕೆಯ ಬಾಲವೇ ಹೊರತು ಪದಗುಚ್ಛವಲ್ಲ. ನಾಲ್ಕೈದು ಪದಗಳಿರುವ ಪ್ರಶ್ನೆಗಳು ಸಾಮಾನ್ಯವಾಗಿ ಬಾಲದಲ್ಲಿರುವುದು ನಿಜ. ಆದರೆ ಉದ್ದವಾದ ಪ್ರಶ್ನೆಯನ್ನೂ ಲಕ್ಷಾಂತರ ಮಂದಿ ಕೇಳಬಹುದು, ಅಪರೂಪದ ಒಂದೇ ಪದವೂ ಬಾಲದ ತುದಿಯಲ್ಲಿರಬಹುದು.

ವಿರಳ ಪದದ ಬೆಲೆ

ಬಾಲದ ಪ್ರಶ್ನೆಯಲ್ಲಿ ಸಣ್ಣ ಪುಟವು ಗೆಲ್ಲುವುದಕ್ಕೆ ಎರಡು ಕಾರಣಗಳಿವೆ. ಸ್ಪರ್ಧಿಗಳು ಕೆಲವರೇ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಅವರು 1972ರಲ್ಲಿ ಅದನ್ನು ತೋರಿಸಿಕೊಟ್ಟರು. ಎಲ್ಲೆಲ್ಲಿಯೂ ಇರುವ ಪದವು ಏನನ್ನೂ ತಿಳಿಸದು. ಕೆಲವೇ ಪುಟಗಳಲ್ಲಿರುವ ಪದವು ಬಹಳವನ್ನು ತಿಳಿಸುತ್ತದೆ. ಆದ್ದರಿಂದ ಪದವು ಎಷ್ಟು ವಿರಳವೋ ಅದಕ್ಕೆ ಅಷ್ಟು ಹೆಚ್ಚಿನ ತೂಕ ಕೊಡಬೇಕು.

ಉದಾಹರಣೆಗೆ, ನಮ್ಮ ಸಂಗ್ರಹದಲ್ಲಿ 10 ಲಕ್ಷ ಪುಟಗಳಿವೆಯೆಂದು ಕಲ್ಪಿಸಿಕೊಳ್ಳೋಣ. 'ಮತ್ತು' ಎಂಬ ಪದ 9 ಲಕ್ಷ ಪುಟಗಳಲ್ಲಿಯೂ, 'ಅಡಿಕೆ' 10,000 ಪುಟಗಳಲ್ಲಿಯೂ, 'ಬೋರ್ಡೋ' ಕೇವಲ 100 ಪುಟಗಳಲ್ಲಿಯೂ ಇರಲಿ. ಒಟ್ಟು ಪುಟಗಳನ್ನು ಪದವಿರುವ ಪುಟಗಳಿಂದ ಭಾಗಿಸಿ, ಭಾಗಲಬ್ಧದ ಲಾಗರಿತಮನ್ನು ತೆಗೆದರೆ ಪದದ ತೂಕ ದೊರೆಯುತ್ತದೆ. 10ನ್ನು ಆಧಾರವಾಗಿಟ್ಟುಕೊಂಡರೆ 'ಬೋರ್ಡೋ' ಪದದ ತೂಕ 4, 'ಅಡಿಕೆ'ಯದು 2, 'ಮತ್ತು' ಎಂಬುದರದು 0.05ಕ್ಕಿಂತಲೂ ಕಡಮೆ. ಯುವಕನ ಎರಡನೆಯ ಪ್ರಶ್ನೆಯಲ್ಲಿ ಭಾರವಾದ ಪದಗಳಿದ್ದುವು. ಅವನ್ನೆಲ್ಲ ಒಳಗೊಂಡ ಹಿರಿಯರ ಪುಟವು ಈಗ ತಕ್ಕಡಿಯಲ್ಲಿ ಗಟ್ಟಿಯಾಗಿ ತೂಗುತ್ತದೆ. 'ಅಡಿಕೆ'ಯನ್ನು ಮಾತ್ರ ಬಲ್ಲ ಪುಟ, ಅದಕ್ಕೆ ಎಷ್ಟೇ ಕೀರ್ತಿಯಿದ್ದರೂ, ಹಗುರವಾಗುತ್ತದೆ.

ಹಾಗಿದ್ದರೆ ಬೇಕಾದ ಪದವನ್ನು ಪುಟದ ತುಂಬ ನೂರು ಸಲ ಬರೆದುಬಿಟ್ಟರೆ ಸಾಲದೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಮೊದಮೊದಲು ಅನೇಕರು ಹಾಗೆಯೇ ಮಾಡಿದರು. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದ ಸ್ಟೀಫನ್ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು 1994ರಲ್ಲಿ ರೂಪಿಸಿದ ಒಂದು ಸೂತ್ರವು ಈ ಆಸೆಗೆ ತಣ್ಣೀರೆರಚುತ್ತದೆ. ಅದರ ಪ್ರಕಾರ ಒಂದೇ ಪದ ಮರಳಿ ಮರಳಿ ಬಂದಂತೆ ಅದರಿಂದಾಗುವ ಲಾಭ ಕುಗ್ಗುತ್ತ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಸ್ಥಿರಾಂಕ 1.2ನ್ನು ಹಾಕಿ, ಸರಾಸರಿ ಉದ್ದದ ಪುಟಕ್ಕೆ ಲೆಕ್ಕ ಮಾಡಿದರೆ, ಒಂದು ಸಲ ಬಂದ ಪದಕ್ಕೆ 1 ಅಂಕ, ಎರಡು ಸಲಕ್ಕೆ 1.38, ಹತ್ತು ಸಲಕ್ಕೆ 1.96, ನೂರು ಸಲಕ್ಕೆ 2.17. ಸಾವಿರ ಸಲ ಬರೆದರೂ ಅಂಕವು 2.2ನ್ನು ಮುಟ್ಟದು. ಉಪ್ಪು ಒಂದು ಚಿಟಿಕೆ ರುಚಿ ಕೊಟ್ಟಿತೆಂದು ಹಿಡಿ ಹಾಕಿದರೆ ಸಾರು ಕೆಡುವಂತೆ, ಪದವನ್ನು ತುರುಕಿದ ಪುಟವನ್ನು ಇಂದಿನ ಯಂತ್ರಗಳು ವಂಚನೆಯೆಂದು ಗುರುತಿಸಿ ಕೆಳಗೆ ತಳ್ಳುವುದೂ ಉಂಟು.

ಕನ್ನಡದ ಬಾಲ

ಈ ವಿಚಾರದಲ್ಲಿ ಕನ್ನಡಕ್ಕೆ ತನ್ನದೇ ಆದ ಕಷ್ಟಗಳಿವೆ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುತ್ತವೆ. ತೋಟ, ತೋಟದ, ತೋಟಕ್ಕೆ, ತೋಟದಲ್ಲಿ, ತೋಟಗಳಿಂದಲೂ — ಇವೆಲ್ಲ ನಮಗೆ ಒಂದೇ ಪದದ ರೂಪಗಳು. ಅಕ್ಷರಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಇವು ಐದು ಬೇರೆ ಪದಗಳು. ಇದರ ಮೇಲೆ ಸಂಧಿ ಸಮಾಸಗಳು ಬೇರೆ: ಮಳೆ ಮತ್ತು ಕಾಲ ಕೂಡಿ ಮಳೆಗಾಲವಾದಾಗ 'ಕಾಲ'ವೇ ಕಾಣೆಯಾಗುತ್ತದೆ. ಅಡಿಕೆ ಎಂದು ಕೆಲವರು ಬರೆದರೆ ಅಡಕೆ ಎಂದು ಕೆಲವರು ಬರೆಯುತ್ತಾರೆ. ಮಲೆನಾಡಿನವರು ಕೊಳೆರೋಗವೆನ್ನುವುದನ್ನು ಕರಾವಳಿಯ ಕಡೆ ಮಹಾಳಿ ಎನ್ನುವುದುಂಟು. ಹೀಗಾಗಿ ಕನ್ನಡದ ಬಾಲವು ಇನ್ನಷ್ಟು ನೀಳವಾಗಿದೆ.

ಯಂತ್ರಗಳೂ ಸುಧಾರಿಸುತ್ತಿವೆ. 2019ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು, ವಾಕ್ಯದಲ್ಲಿ ಪದಗಳಿಗಿರುವ ಸಂಬಂಧವನ್ನು ಗಮನಿಸುವ 'ಬರ್ಟ್' ಎಂಬ ವಿಧಾನವನ್ನು ಶೋಧದಲ್ಲಿ ಅಳವಡಿಸಿದುದಾಗಿ ಪ್ರಕಟಿಸಿತು. 'ಬೆಂಗಳೂರಿನಿಂದ ಶಿವಮೊಗ್ಗಕ್ಕೆ' ಮತ್ತು 'ಶಿವಮೊಗ್ಗದಿಂದ ಬೆಂಗಳೂರಿಗೆ' ಎಂಬ ಮಾತುಗಳಲ್ಲಿ ಊರುಗಳು ಅವೇ. ಅರ್ಥ ಮಾತ್ರ ತಿರುಗುಮುರುಗು. ಇಂತಹ ಭೇದವನ್ನು ಹಿಡಿಯುವುದು ಈ ವಿಧಾನದ ಗುರಿ. ಆದರೂ ಯಂತ್ರವು ಕಲಿಯುವುದು ಬರಹಗಳಿಂದಲೇ ಆದುದರಿಂದ, ಬರಹ ಕಡಮೆಯಿರುವ ಭಾಷೆಯಲ್ಲಿ ಅದರ ಕಲಿಕೆಯೂ ಕಡಮೆ.

ಇನ್ನೊಂದು ತೊಡಕು ಲಿಪಿಗೆ ಸೇರಿದ್ದು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ನಮ್ಮ ಅನೇಕ ಬರಹಗಳು, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸಿದ ಹಳೆಯ ಫಾಂಟುಗಳಲ್ಲಿ ಸಿದ್ಧವಾದುವು. ಕಣ್ಣಿಗೆ ಅದು ಅಚ್ಚ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ಅಂತಹ ಬರಹವನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ, ಕನ್ನಡದಲ್ಲಿ ಕೇಳಿದವನಿಗೆ ಅದು ಇದ್ದೂ ಇಲ್ಲದಂತೆ.

ಬರೆಯುವವರು ಮಾಡಬೇಕಾದುದೇನು?

ಮೊದಲನೆಯದಾಗಿ, ಒಂದು ಪುಟಕ್ಕೆ ಒಂದು ನಿಜವಾದ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಪ್ರಶ್ನೆಗಳನ್ನು ಕಲ್ಪಿಸುವುದಕ್ಕಿಂತ ಕೇಳಿಸಿಕೊಳ್ಳುವುದು ಲೇಸು. ಅಂಗಡಿಗೆ ಬಂದವರು, ತರಗತಿಯ ಗೆಳೆಯರು, ತೋಟದ ನೆರೆಯವರು ಯಾವ ಮಾತಿನಲ್ಲಿ ಕೇಳುತ್ತಾರೋ ಅದೇ ಮಾತು ಉತ್ತಮವಾದ ಶೋಧಪದ. ಶೋಧದ ಪೆಟ್ಟಿಗೆಯಲ್ಲಿ ಎರಡು ಪದ ಬರೆದಾಗ ಯಂತ್ರವೇ ಮುಂದಿನ ಪದಗಳನ್ನು ಸೂಚಿಸುತ್ತದೆ. ಜನರು ಏನನ್ನು ಕೇಳುತ್ತಿದ್ದಾರೆಂಬುದಕ್ಕೆ ಅದೂ ಒಂದು ಕುರುಹು. ಜಾಲತಾಣವನ್ನು ಹೊಂದಿದವರು ಗೂಗಲಿನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ, ಯಾವ ಪ್ರಶ್ನೆಗಳಿಗೆ ತಮ್ಮ ಪುಟವು ಕಾಣಿಸಿಕೊಂಡಿತೆಂಬುದನ್ನು ನೋಡಬಹುದು.

ಎರಡನೆಯದಾಗಿ, ಆ ಪ್ರಶ್ನೆಯ ಮಾತು ಪುಟದ ಶಿರೋನಾಮೆಯಲ್ಲಿ, ಮೊದಲ ಸಾಲುಗಳಲ್ಲಿ, ಚಿತ್ರದ ವಿವರಣೆಯಲ್ಲಿ ಸಹಜವಾಗಿ ಬರಬೇಕು. 'ಅಡಿಕೆ ಬೆಳೆ: ಕೆಲವು ಮಾತು' ಎಂಬ ತಲೆಬರಹಕ್ಕಿಂತ 'ಅಡಿಕೆ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವ ಕ್ರಮ' ಎಂಬುದು ಮೇಲು. ಮಹಾಳಿ, ಅಡಕೆ ಎಂಬ ಬೇರೆ ಹೆಸರುಗಳನ್ನೂ ಒಮ್ಮೆ ಹೇಳಿದರೆ ಬೇರೆ ಸೀಮೆಯವರಿಗೂ ಪುಟ ಸಿಕ್ಕುತ್ತದೆ. ಓದುಗರ ಕಣ್ಣಿಗೆ ಬೀಳದಂತೆ ಪುಟದ ಗುಪ್ತಭಾಗದಲ್ಲಿ ಶೋಧಪದಗಳ ಪಟ್ಟಿಯನ್ನು ಇಡುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲ. ಸ್ಥಾನ ನಿರ್ಣಯದಲ್ಲಿ ತಾನು ಅದನ್ನು ಲೆಕ್ಕಿಸುವುದಿಲ್ಲವೆಂದು ಗೂಗಲ್ ಸಂಸ್ಥೆ 2009ರಲ್ಲಿಯೇ ತಿಳಿಸಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪ್ರಶ್ನೆಗೆ ಉತ್ತರ ಪುಟದಲ್ಲಿರಬೇಕು. 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋಗ್ರಾಂ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಕಲಕುತ್ತ ಅದಕ್ಕೆ ಮೈಲುತುತ್ತದ ದ್ರಾವಣವನ್ನು ನಿಧಾನವಾಗಿ ಸುರಿಯಬೇಕು; ಕಬ್ಬಿಣದ ಪಾತ್ರೆ ಕೂಡದು; ಸ್ವಚ್ಛವಾದ ಚಾಕುವನ್ನು ಅದ್ದಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ; ಸಿದ್ಧವಾದ ದ್ರಾವಣವನ್ನು ಅಂದೇ ಬಳಸಬೇಕು. ಇಷ್ಟು ವಿವರವಿದ್ದರೆ ಆ ಪುಟದಲ್ಲಿ ವಿರಳ ಪದಗಳು ತಾವಾಗಿಯೇ ನೆಲಸುತ್ತವೆ. ವಿಷಯವನ್ನು ನಿಖರವಾಗಿ ಬಲ್ಲವನ ಬರಹದಲ್ಲಿ ನಿಖರವಾದ ಪದಗಳಿರುವುದು ಸಹಜ. ಯಂತ್ರದ ತೂಕಕ್ಕೂ ಓದುಗನ ತೃಪ್ತಿಗೂ ಇಲ್ಲಿ ವಿರೋಧವಿಲ್ಲ.

ಬಾಲದ ದುರುಪಯೋಗ

ಆದರೆ ಲಾಭವಿರುವೆಡೆಯಲ್ಲಿ ಲೋಭವೂ ಇರುತ್ತದೆ. ಬಾಲದ ಒಂದೊಂದು ಪ್ರಶ್ನೆಗೂ ಒಂದೊಂದು ಪೊಳ್ಳು ಪುಟವನ್ನು ಸಾವಿರಗಟ್ಟಲೆ ಹೊಸೆದು ಜಾಹೀರಾತಿನ ಹಣವನ್ನು ಗಳಿಸಿದವರಿದ್ದಾರೆ. ಇಂತಹ ಪುಟಗಳನ್ನು ಕೆಳಗಿಳಿಸಲು ಗೂಗಲ್ ಸಂಸ್ಥೆಯು 2011ರ ಫೆಬ್ರುವರಿಯಲ್ಲಿ 'ಪಾಂಡಾ' ಎಂಬ ಬದಲಾವಣೆಯನ್ನು ಜಾರಿಗೆ ತಂದಿತು. ಯಂತ್ರಗಳೇ ಲೇಖನಗಳನ್ನು ಬರೆಯಬಲ್ಲ ಈ ಕಾಲದಲ್ಲಿ ಪಿಡುಗು ಹೆಚ್ಚಿದುದರಿಂದ 2024ರ ಮಾರ್ಚಿನಲ್ಲಿ, ಸ್ಥಾನ ಗಳಿಸುವುದಕ್ಕಾಗಿಯೇ ರಾಶಿರಾಶಿಯಾಗಿ ಪುಟಗಳನ್ನು ತಯಾರಿಸುವುದನ್ನು ನಿಷೇಧಿಸುವ ನಿಯಮವನ್ನು ಬಿಗಿಗೊಳಿಸಿತು. ಅದೇ ವರ್ಷದಿಂದ ಶೋಧಯಂತ್ರವೇ ಹಲವು ಪುಟಗಳ ಸಾರವನ್ನು ಹಿಂಡಿ ಮೇಲ್ಗಡೆ ಉತ್ತರವನ್ನು ಬರೆದು ತೋರಿಸುವ ಪದ್ಧತಿಯೂ ಬಂದಿದೆ. ಹೀಗಾದಾಗ ಓದುಗನು ಮೂಲ ಪುಟಕ್ಕೆ ಬಾರದೆಯೇ ಹೋಗಬಹುದು. ಆದರೆ ಸಾರವನ್ನು ಹಿಂಡುವುದಕ್ಕೂ ಮೊದಲು ಯಾರಾದರೊಬ್ಬರು ತಿಳಿದು ಬರೆದಿರಬೇಕಷ್ಟೆ.

ವಿದ್ಯಾರ್ಥಿಗಳು ಈ ನಿಯಮಗಳನ್ನು ತಾವೇ ಪರೀಕ್ಷಿಸಬಹುದು. ಶಾಲೆಯ ವಾರ್ಷಿಕ ಸಂಚಿಕೆಯ ಹತ್ತು ಲೇಖನಗಳನ್ನು ತೆಗೆದುಕೊಂಡು ಪ್ರತಿಯೊಂದು ಪದವೂ ಎಷ್ಟು ಸಲ ಬಂದಿದೆಯೆಂದು ಎಣಿಸಿರಿ. ಕೆಲವೇ ಪದಗಳು ಮತ್ತೆ ಮತ್ತೆ ಬಂದು, ಬಹುಸಂಖ್ಯೆಯ ಪದಗಳು ಒಂದೊಂದೇ ಸಲ ಬಂದಿರುವುದನ್ನು ಕಾಣುವಿರಿ. ಆ ಒಂದೊಂದೇ ಸಲ ಬಂದ ಪದಗಳನ್ನು ಓದಿದರೆ ಯಾವ ಲೇಖನ ಯಾವ ವಿಷಯವನ್ನು ಕುರಿತದ್ದೆಂದು ಲೇಖನವನ್ನು ನೋಡದೆಯೇ ಹೇಳಬಲ್ಲಿರಿ. ಶೋಧಯಂತ್ರ ಮಾಡುವುದೂ ಇದನ್ನೇ.

ನಮ್ಮ ತೋಟದ ಯುವಕನ ವಿಷಯ ಏನಾಯಿತು? ಅವನು ತನಗೆ ಬೇಕಾದುದನ್ನು ಬಿಡಿಸಿ ಕೇಳಿದ; ಹಿರಿಯರು ತಾವು ಬಲ್ಲುದನ್ನು ಬಿಡಿಸಿ ಬರೆದಿದ್ದರು. ಆದ್ದರಿಂದ ಸಾವಿರಾರು ಪುಟಗಳನ್ನು ದಾಟಿ ಆ ಒಂದು ಪುಟ ಅವನ ಅಂಗೈಗೆ ಬಂದಿತು. ಆ ಪ್ರಶ್ನೆಯನ್ನು ಅಂದು ನಾಡಿನಲ್ಲಿ ಕೇಳಿದವರು ಹತ್ತೇ ಮಂದಿ ಇರಬಹುದು. ಆದರೆ ಆ ಹತ್ತು ಮಂದಿಗೂ ಒಂದೊಂದು ತೋಟವಿತ್ತು.